ಚಾರ್ಜರ್ ಸರಿ ಇದೆಯಾ? ಪುಟ್ಟ ಮೀಟರ್ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಯುಎಸ್‌ಬಿ ಮೀಟರ್ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಹೆಬ್ಬೆರಳಿನಷ್ಟು ದೊಡ್ಡ ಸಾಮಾನು ಅದು. ಒಂದು ತುದಿಯನ್ನು ಚಾರ್ಜರಿಗೆ ಸಿಕ್ಕಿಸಿ, ಇನ್ನೊಂದು ತುದಿಗೆ ಫೋನಿನ ಕೇಬಲ್ ಹಾಕಿದರೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್, ಎಷ್ಟು ವ್ಯಾಟ್ ಹೋಗುತ್ತಿದೆ ಅಂತ ಪರದೆಯಲ್ಲಿ ತೋರಿಸುತ್ತದೆ. ಸಾದಾ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಓದಿ ತುಂಬ ಪತ್ರಗಳು ಬಂದಿವೆ. ಕಾಸರಗೋಡು ಕಡೆಯವೇ ಜಾಸ್ತಿ, ಹೊಸೂರು, ತಾಳವಾಡಿ, ಅಕ್ಕಲಕೋಟೆಯಿಂದಲೂ ಇವೆ. ಒಂದೇ ಥರದವನ್ನು ಸೇರಿಸಿ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ಮಾಸ್ಟ್ರೇ, ನನ್ನ ಫೋನ್ ಮೊದಲು ಎರಡು ಗಂಟೆಯಲ್ಲಿ ಫುಲ್ ಆಗುತ್ತಿತ್ತು. ಈಗ ರಾತ್ರಿ ಮಲಗುವಾಗ ಇಟ್ಟರೆ ಬೆಳಗ್ಗೆ ತೋಟಕ್ಕೆ ಹೊರಡುವಾಗಲೂ ಎಂಬತ್ತು ದಾಟಿರುವುದಿಲ್ಲ. ಅಂಗಡಿಯವನು ಬ್ಯಾಟರಿ ಹೋಗಿದೆ ಎನ್ನುತ್ತಾನೆ. ಮಗ ಚಾರ್ಜರ್ ಹೋಗಿದೆ ಎನ್ನುತ್ತಾನೆ. ಮನೆಯವಳು ರಾತ್ರಿ ಕರೆಂಟಿಗೆ ವೋಲ್ಟೇಜ್ ಇಲ್ಲ ಎನ್ನುತ್ತಾಳೆ. ಮೀಟರ್ ತರಿಸಿದ್ದೇನೆ, ಹೇಗೆ ನೋಡುವುದು?
– ಅಡಿಕೆ ಕೃಷಿಕರು, ಪೆರ್ಲ

ಉತ್ತರ: ಮೂವರೂ ಹೇಳದೆ ಬಿಟ್ಟದ್ದು ಒಂದಿದೆ, ಕೇಬಲ್. ನನಗೆ ಮೊದಲ ಅನುಮಾನ ಅದರ ಮೇಲೆಯೇ. ಬ್ಯಾಟರಿಗೆ ದುಡ್ಡು ಕೊಡುವ ಮೊದಲು ಹೀಗೆ ಮಾಡಿ ನೋಡಿ.

ಫೋನಿನ ಚಾರ್ಜ್ 20ರಿಂದ 50ರ ಒಳಗೆ ಇರುವಾಗ ಪರೀಕ್ಷೆ ಮಾಡಬೇಕು. 80 ದಾಟಿದ ಮೇಲೆ ಎಲ್ಲ ಫೋನೂ ತಾನಾಗಿ ಕರೆಂಟ್ ಕಮ್ಮಿ ಮಾಡಿಕೊಳ್ಳುತ್ತದೆ, ಆಗ ಮೀಟರ್ ನೋಡಿ ಏನೂ ತೀರ್ಮಾನ ಮಾಡಲು ಆಗುವುದಿಲ್ಲ. ಫೋನ್ ಬಿಸಿಯಾಗಿರಬಾರದು, ಪರದೆ ಆರಿಸಿರಬೇಕು. ಚಾರ್ಜರ್, ಮೀಟರ್, ಕೇಬಲ್, ಫೋನ್, ಈ ಕ್ರಮದಲ್ಲಿ ಜೋಡಿಸಿ ಒಂದು ನಿಮಿಷ ಬಿಡಿ. ವೋಲ್ಟ್ ಎಷ್ಟು, ಆಂಪಿಯರ್ ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಕೇಬಲ್ ಒಂದನ್ನೇ ಬದಲಿಸಿ, ಬೇರೆ ಏನನ್ನೂ ಮುಟ್ಟಬೇಡಿ. ಮತ್ತೆ ಬರೆದುಕೊಳ್ಳಿ. ಆಮೇಲೆ ಹಳೇ ಕೇಬಲನ್ನೇ ಹಾಕಿ ಚಾರ್ಜರ್ ಒಂದನ್ನೇ ಬದಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಇದು ಮುಖ್ಯ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಹಾಳಾಗಿತ್ತು ಅಂತ ಗೊತ್ತಾಗುವುದೇ ಇಲ್ಲ.

ಹಳೇ ಕೇಬಲಿನಲ್ಲಿ 0.45 ಆಂಪಿಯರ್, ಹೊಸದರಲ್ಲಿ 1.6 ಆಂಪಿಯರ್ ಬಂದರೆ ತಪ್ಪು ಕೇಬಲಿನದು. ಕೇಬಲ್ ಯಾವುದೇ ಇರಲಿ, ಆಂಪಿಯರ್ ಏರುತ್ತಿದ್ದಂತೆ ವೋಲ್ಟ್ 4.75ಕ್ಕಿಂತ ಕೆಳಗೆ ಇಳಿದರೆ ತಪ್ಪು ಚಾರ್ಜರಿನದು. ಚಾರ್ಜರ್ ಬಾಯಲ್ಲಿ 4.75ರಿಂದ 5.25 ವೋಲ್ಟ್ ಇರಬೇಕು ಅನ್ನುವುದು ಯುಎಸ್‌ಬಿಯ ಹಳೆಯ ಲೆಕ್ಕ. ಎಲ್ಲವನ್ನೂ ಬದಲಿಸಿದರೂ ಅಷ್ಟೇ ಕಮ್ಮಿ ಕರೆಂಟ್ ಹೋಗುತ್ತಿದ್ದರೆ ಆಗ ಫೋನಿನ ಕಡೆ ನೋಡಬೇಕು. ಅಲ್ಲೂ ಮೊದಲು ಚಾರ್ಜಿಂಗ್ ಪಿನ್, ಬ್ಯಾಟರಿ ಅದರ ನಂತರ.

ನಿಮ್ಮ ಲೆಕ್ಕವನ್ನೇ ಹಾಕಿ ನೋಡೋಣ. 5 ವೋಲ್ಟ್, 0.45 ಆಂಪಿಯರ್ ಅಂದರೆ ಎರಡೂಕಾಲು ವ್ಯಾಟ್. ಎಂಟು ಗಂಟೆಗೆ 18 ವ್ಯಾಟ್ ಅವರ್. ದಾರಿಯಲ್ಲಿ ಬಿಸಿಯಾಗಿ ಹೋಗುವುದು ಕಳೆದರೆ ಬ್ಯಾಟರಿಗೆ ಸಿಗುವುದು ಸುಮಾರು 16. ಈಗಿನ 5000 ಎಂಎಎಚ್ (ಮಿಲಿ ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿಗೆ ಬೇಕಾದದ್ದು 19ರ ಹತ್ತಿರ. ರಾತ್ರಿಯಿಡೀ ಇಟ್ಟರೂ ಎಂಬತ್ತರ ಆಸುಪಾಸಿಗೆ ನಿಲ್ಲುವುದಕ್ಕೆ ಇಷ್ಟೇ ಸಾಕಲ್ವಾ? ಬ್ಯಾಟರಿ ಚೆನ್ನಾಗಿದ್ದೂ ಹೀಗಾಗಬಹುದು.

ಕೇಬಲ್ ಯಾಕೆ ಹೀಗೆ ಮಾಡುತ್ತದೆ ಅಂದರೆ, ಅದರೊಳಗಿನ ತಾಮ್ರದ ಎಳೆ ಸಣ್ಣದಿರುತ್ತದೆ. ನಿಮ್ಮ ತೋಟದಲ್ಲಿ ಅರ್ಧ ಇಂಚಿನ ಪೈಪ್ ದೂರಕ್ಕೆ ಎಳೆದರೆ ಕೊನೆಯ ಸ್ಪ್ರಿಂಕ್ಲರ್ ತಿರುಗುವುದಿಲ್ಲ, ಪಂಪ್ ಎಷ್ಟೇ ಒಳ್ಳೆಯದಿದ್ದರೂ ಅಷ್ಟೇ, ಇಲ್ಲಿ ಆಗುವುದೂ ಅದೇ. ಅಗ್ಗದ ಕೇಬಲಿನಲ್ಲಿ ಬರುವ 28 ಗೇಜ್ ತಂತಿಗೆ ಒಂದು ಮೀಟರಿಗೆ ಸುಮಾರು 0.2 ಓಮ್ ತಡೆ ಇರುತ್ತದೆ. ಕರೆಂಟ್ ಹೋಗಬೇಕು, ವಾಪಸು ಬರಬೇಕು, ಹಾಗಾಗಿ 0.4 ಓಮ್. 2 ಆಂಪಿಯರ್ ಹರಿದರೆ 0.8 ವೋಲ್ಟ್ ಕೇಬಲಿನಲ್ಲೇ ಮುಗಿಯುತ್ತದೆ. ಫೋನಿಗೆ ಉಳಿಯುವುದು 4.2. ಅದರಿಂದ ಬ್ಯಾಟರಿ ತುಂಬಿಸಲು ಆಗುವುದಿಲ್ಲ ಅಂತ ಫೋನೇ ಕರೆಂಟ್ ಇಳಿಸಿಬಿಡುತ್ತದೆ. ಅದೇ 24 ಗೇಜಿನ ದಪ್ಪ ತಂತಿಯಾದರೆ (ಗೇಜ್ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ) ಹೋಗುವುದು 0.35 ವೋಲ್ಟಿಗಿಂತ ಕಮ್ಮಿ. ಒಂದು ವಿಷಯ ಗಮನದಲ್ಲಿರಲಿ. ಮೀಟರ್ ಚಾರ್ಜರಿನ ಬಾಯಲ್ಲಿ ಕೂತಿರುವಾಗ ಈ ಇಳಿತ ಅದಕ್ಕೆ ಕಾಣುವುದಿಲ್ಲ, ವೋಲ್ಟ್ 5.1 ಅಂತಲೇ ತೋರಿಸುತ್ತದೆ. ಆಂಪಿಯರ್ ಬಿದ್ದದ್ದನ್ನು ನೋಡಿ ನಾವೇ ತಿಳಿದುಕೊಳ್ಳಬೇಕು. ಕೇಬಲ್ ಮತ್ತು ಫೋನಿನ ನಡುವೆ ಕೂರುವ ಟೈಪ್-ಸಿ ಮೀಟರ್ ಇದ್ದರೆ ವೋಲ್ಟ್ ಇಳಿದದ್ದು ನೇರವಾಗಿ ಕಾಣುತ್ತದೆ.

ಕೆಲವು ಕೇಬಲುಗಳಲ್ಲಿ ತಂತಿ ದಪ್ಪವಿದ್ದರೂ ಡೇಟಾ ತಂತಿಗಳು ಕಡಿದಿರುತ್ತವೆ. ಆಗ ತನ್ನೆದುರು ಇರುವುದು ಎಂಥ ಚಾರ್ಜರ್ ಅಂತ ಫೋನಿಗೆ ಗೊತ್ತಾಗುವುದಿಲ್ಲ, ಕಂಪ್ಯೂಟರ್ ಇರಬೇಕು ಅಂದುಕೊಂಡು ಅರ್ಧ ಆಂಪಿಯರ್ ಮಾತ್ರ ತೆಗೆದುಕೊಳ್ಳುತ್ತದೆ. ಚಾರ್ಜರ್ ಯಾವತ್ತೂ ಕರೆಂಟನ್ನು ಒಳಗೆ ತುರುಕುವುದಿಲ್ಲ. ಎಷ್ಟು ಬೇಕೋ ಅಷ್ಟನ್ನು ಫೋನೇ ಎಳೆದುಕೊಳ್ಳುತ್ತದೆ.

ಇನ್ನು ಮನೆಯವರು ಹೇಳಿದ ವೋಲ್ಟೇಜ್ ವಿಷಯ. ಸಂಜೆ ಹೊತ್ತು ನಮ್ಮಲ್ಲಿ ಬಲ್ಬ್ ಮಂಕಾಗುವುದು, ಪಂಪ್ ಏಳದೇ ಇರುವುದು ನಿಜ. ಆದರೆ ಫೋನ್ ಚಾರ್ಜರಿಗೆ ಅದು ತಾಗುವುದಿಲ್ಲ. ಅದರ ಮೇಲೆ ಇನ್‌ಪುಟ್ 100–240 ವೋಲ್ಟ್ ಅಂತ ಬರೆದಿರುತ್ತದೆ, 170ಕ್ಕೆ ಇಳಿದರೂ ಕೆಲಸ ಮಾಡುತ್ತದೆ.

ಪ್ರಶ್ನೆ: ನಮ್ಮವರು ದುಬೈಯಿಂದ ಬರುವಾಗ ತಂದ ಚಾರ್ಜರುಗಳು ಮನೆಯಲ್ಲಿ ತುಂಬ ಇವೆ. ಮೂರು ಚೌಕ ಪಿನ್ನಿನವು. ಅಡಾಪ್ಟರ್ ಹಾಕಿ ಬಳಸುತ್ತೇವೆ. ಮೀಟರ್ ಇಟ್ಟರೆ ಕೆಲವದರಲ್ಲಿ 5ರ ಬದಲು 9 ವೋಲ್ಟ್ ತೋರಿಸುತ್ತದೆ. ಅಲ್ಲಿನ ಕರೆಂಟ್ ಬೇರೆ ಆದ ಕಾರಣ ಹೀಗಾಗುತ್ತದಾ? ಫೋನ್ ಸುಟ್ಟುಹೋದರೆ?
– ಗೃಹಿಣಿ, ಉಪ್ಪಳ

ಉತ್ತರ: ಹೆದರಬೇಡಿ. ದುಬೈಯಲ್ಲೂ 230 ವೋಲ್ಟ್, 50 ಹರ್ಟ್ಸ್, ನಮ್ಮದೇ ಥರ. ಸೌದಿಯಲ್ಲಿ 60 ಹರ್ಟ್ಸ್, ಅಲ್ಲಿಂದ ತಂದದ್ದೂ ನಡೆಯುತ್ತದೆ. ಚಾರ್ಜರಿನ ಬೆನ್ನಿನ ಮೇಲೆ 100–240 ವೋಲ್ಟ್, 50/60 ಹರ್ಟ್ಸ್ ಅಂತ ಇದೆಯಾ ನೋಡಿ, ಅಷ್ಟು ಸಾಕು. ಬೇರೆ ಇರುವುದು ಪಿನ್ನಿನ ಆಕಾರ ಮಾತ್ರ.

9 ವೋಲ್ಟ್ ಬರುವುದು ಫಾಸ್ಟ್ ಚಾರ್ಜಿಂಗ್ ಇರುವುದಕ್ಕೆ. ಮೊದಲು ಎಲ್ಲ ಚಾರ್ಜರೂ 5 ವೋಲ್ಟ್ ಮಾತ್ರ ಕೊಡುತ್ತಿದ್ದವು. 2013ರ ಹೊತ್ತಿಗೆ ಕ್ವಾಲ್‌ಕಾಮ್ ಕಂಪನಿಯ ಕ್ವಿಕ್ ಚಾರ್ಜ್ ಬಂತು, ಇಂಥದ್ದೇ ಇನ್ನೊಂದು ಪವರ್ ಡೆಲಿವರಿ ಅಂದರೆ ಪಿಡಿ. ಇವುಗಳಲ್ಲಿ ಫೋನ್ ಮತ್ತು ಚಾರ್ಜರ್ ತಮ್ಮೊಳಗೆ ಮಾತಾಡಿಕೊಳ್ಳುತ್ತವೆ. ಶುರುವಿಗೆ 5 ವೋಲ್ಟೇ ಬರುತ್ತದೆ. ನನಗೆ 9 ಬೇಕು ಅಂತ ಫೋನ್ ಕೇಳಿದರೆ ಮಾತ್ರ ಚಾರ್ಜರ್ ಏರಿಸುತ್ತದೆ. 18 ವ್ಯಾಟನ್ನು 5 ವೋಲ್ಟಿನಲ್ಲಿ ಕಳಿಸಲು 3.6 ಆಂಪಿಯರ್ ಬೇಕು, 9 ವೋಲ್ಟಿನಲ್ಲಾದರೆ 2 ಆಂಪಿಯರ್ ಸಾಕು. ಮೇಲಿನ ಉತ್ತರದಲ್ಲಿ ಹೇಳಿದ ಕೇಬಲಿನ ನಷ್ಟವೂ ಇದರಿಂದ ಕಮ್ಮಿಯಾಗುತ್ತದೆ.

ನಿಮ್ಮ ಮೀಟರಿನಲ್ಲಿ ನೋಡಬೇಕಾದ್ದು ಹೀಗೆ. ಚಾರ್ಜರಿಗೆ ಮೀಟರ್ ಮಾತ್ರ ಸಿಕ್ಕಿಸಿ, ಫೋನ್ ಹಾಕಬೇಡಿ. 5 ವೋಲ್ಟಿನ ಹತ್ತಿರ ತೋರಿಸಬೇಕು (ಟೈಪ್-ಸಿ ಬಾಯಿಯ ಚಾರ್ಜರಾದರೆ ಸೊನ್ನೆ ಇರಬಹುದು, ಕಾರಣ ಮುಂದಿನ ಉತ್ತರದಲ್ಲಿದೆ). ಫೋನ್ ಹಾಕಿದ ಸ್ವಲ್ಪ ಹೊತ್ತಿಗೆ 9ಕ್ಕೆ ಹಾರಬೇಕು, ಫೋನ್ ತೆಗೆದ ಕೂಡಲೇ 5ಕ್ಕೆ ಮರಳಬೇಕು. ಇಷ್ಟಾದರೆ ಚಾರ್ಜರ್ ನೆಟ್ಟಗಿದೆ. ಫೋನ್ ಇಲ್ಲದೆಯೇ 5.5ಕ್ಕಿಂತ ಜಾಸ್ತಿ ತೋರಿಸುವ ಚಾರ್ಜರ್ ಇದ್ದರೆ ಅದನ್ನು ಅವತ್ತೇ ಎಸೆಯಿರಿ, ಯಾರಿಗೂ ಕೊಡಲೂ ಬೇಡಿ.

ನನಗೆ ಚಿಂತೆ ಇರುವುದು ನಿಮ್ಮ ಅಡಾಪ್ಟರಿನ ಬಗ್ಗೆ. ಸಡಿಲವಾಗಿದ್ದರೆ, ಚಿಟಚಿಟ ಸದ್ದು ಬಂದರೆ, ಮುಟ್ಟಿದರೆ ಬಿಸಿ ಅನ್ನಿಸಿದರೆ ಕೂಡಲೇ ಬದಲಿಸಿ. ಗಲ್ಫಿನಿಂದ ತಂದ ಎಕ್ಸ್‌ಟೆನ್ಶನ್ ಬಾಕ್ಸಿಗೆ ನಮ್ಮ ಎರಡು ಪಿನ್ನಿನ ಚಾರ್ಜರ್ ಹಾಕಲು ಮೇಲಿನ ತೂತಿಗೆ ಪೆನ್ನು, ಕಡ್ಡಿ ಚುಚ್ಚುವ ರೂಢಿ ಎಷ್ಟೋ ಮನೆಗಳಲ್ಲಿ ಇದೆ. ಆ ಒಳಗಿನ ಮುಚ್ಚಳ ಇರುವುದೇ ಮಕ್ಕಳ ಬೆರಳು, ಕಡ್ಡಿ ಒಳಗೆ ಹೋಗದಿರಲಿ ಅಂತ. ಅದನ್ನು ನೋಡಿದ ಮಗು ನಾಳೆ ಅದೇ ಕೆಲಸ ಮಾಡುತ್ತದೆ. ದಯವಿಟ್ಟು ಬಿಟ್ಟುಬಿಡಿ.

ಪ್ರಶ್ನೆ: ಬೆಳಗಿನ ಜಾವ ಟ್ಯಾಪಿಂಗಿಗೆ ಹೋಗುವಾಗ ತಲೆಗೆ ಕಟ್ಟುವ ಹೆಡ್‌ಲೈಟ್ ತೆಗೆದುಕೊಂಡೆ. ಟೈಪ್-ಸಿ ಪಿನ್. ಮನೆಯ ಹೊಸ ಚಾರ್ಜರಿನ ಎರಡೂ ಕಡೆ ಸಿ ಇರುವ ಕೇಬಲ್ ಹಾಕಿದರೆ ಚಾರ್ಜ್ ಆಗುವುದಿಲ್ಲ, ಮೀಟರಿನಲ್ಲಿ ಸೊನ್ನೆ. ಅದೇ ಚಾರ್ಜರಿನಲ್ಲಿ ಫೋನ್ ಚೆನ್ನಾಗಿ ಆಗುತ್ತದೆ. ಹಳೇ ಚಾರ್ಜರಿನಲ್ಲಿ ಹೆಡ್‌ಲೈಟೂ ಆಗುತ್ತದೆ. ಏನಿದು?
– ರಬ್ಬರ್ ಟ್ಯಾಪಿಂಗ್ ಕೆಲಸದವರು, ಬಂದಡ್ಕ

ಉತ್ತರ: ಚಾರ್ಜರ್ ಸರಿ ಇದೆ, ಕೇಬಲೂ ಸರಿ ಇದೆ. ಹೆಡ್‌ಲೈಟ್ ಮಾಡಿದವರು ಕೆಲವು ಪೈಸೆ ಉಳಿಸಿದ್ದಾರೆ.

ಹಳೇ ಚಪ್ಪಟೆ ಬಾಯಿಯ (ಟೈಪ್-ಎ) ಚಾರ್ಜರಿನಲ್ಲಿ ಯಾವಾಗಲೂ 5 ವೋಲ್ಟ್ ಇರುತ್ತದೆ, ಏನು ಸಿಕ್ಕಿಸಿದರೂ ಹರಿಯುತ್ತದೆ. ಟೈಪ್-ಸಿ ಬಾಯಿಯ ಚಾರ್ಜರ್ ಹಾಗಲ್ಲ. ಎದುರಿನ ಸಾಮಾನಿನಲ್ಲಿ 5.1 ಕಿಲೋ ಓಮ್‌ನ ಒಂದು ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆ ಒಡ್ಡುವ ಪುಟ್ಟ ಭಾಗ, ಇದೆಯಾ ಅಂತ ಮೊದಲು ನೋಡುತ್ತದೆ. ಅದು ಕಂಡರೆ ಮಾತ್ರ ಕರೆಂಟ್ ಬಿಡುತ್ತದೆ. ಅಗ್ಗದ ಹೆಡ್‌ಲೈಟ್, ಟ್ರಿಮ್ಮರ್, ಸಣ್ಣ ಫ್ಯಾನ್, ಬ್ಲೂಟೂತ್ ಸ್ಪೀಕರುಗಳಲ್ಲಿ ಎಷ್ಟೋ ಸಲ ಆ ರೆಸಿಸ್ಟರ್ ಹಾಕಿರುವುದೇ ಇಲ್ಲ. ಮೀಟರ್ ಸೊನ್ನೆ ತೋರಿಸಿದ್ದು ಅದಕ್ಕೇ.

ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಸಿ ಇರುವ ಹಳೇ ಥರದ ಕೇಬಲ್ ಮತ್ತು 5 ವೋಲ್ಟ್ 1 ಆಂಪಿಯರಿನ ಹಳೇ ಚಾರ್ಜರನ್ನು ಹೆಡ್‌ಲೈಟಿಗೆ ಅಂತಲೇ ಎತ್ತಿಡಿ. ಅದು ಎಳೆಯುವುದೇ ಅರ್ಧದಿಂದ ಒಂದು ಆಂಪಿಯರ್, ದೊಡ್ಡ ಚಾರ್ಜರ್ ಹಾಕಿದರೂ ಬೇಗ ಆಗುವುದಿಲ್ಲ. ಕತ್ತಲಲ್ಲಿ ಕತ್ತಿ ಹಿಡಿದು ಮಾಡುವ ಕೆಲಸ ನಿಮ್ಮದು, ಹಾವಿನ ಭಯವೂ ಇರುತ್ತದೆ. ಹಾಗಾಗಿ ಇನ್ನೊಂದು ಮಾತು. ಹೊಸದಿರುವಾಗಲೇ ಪೂರ್ತಿ ಖಾಲಿಯಿಂದ ಪೂರ್ತಿ ತುಂಬುವವರೆಗೆ ಮೀಟರ್ ಇಟ್ಟು ಎಂಎಎಚ್ ಎಷ್ಟು ಬಂತು ಅಂತ ಬರೆದಿಡಿ. ಕೆಲವು ತಿಂಗಳ ನಂತರ ಮತ್ತೆ ನೋಡಿ. ಅರ್ಧಕ್ಕೆ ಇಳಿದಿದ್ದರೆ ತೋಟದ ಮಧ್ಯೆ ಆರುವ ಮೊದಲೇ ಸೆಲ್ ಬದಲಿಸಬಹುದು.

ಪ್ರಶ್ನೆ: 10,000 ಎಂಎಎಚ್ ಪವರ್ ಬ್ಯಾಂಕ್ ತೆಗೆದುಕೊಂಡೆ. ಮೀಟರ್ ಇಟ್ಟು ಪೂರ್ತಿ ಖಾಲಿ ಮಾಡಿದೆ. ಬಂದದ್ದು ಬರೀ 6,400. ನನಗೆ ಮೋಸ ಆಯಿತಾ?
– ಕಾಲೇಜು ವಿದ್ಯಾರ್ಥಿ, ಕುಂಬಳೆ

ಉತ್ತರ: ಆಗಿಲ್ಲ. ನಿಮಗೆ ಸಿಕ್ಕಿದ್ದು ಒಳ್ಳೆಯ ಪವರ್ ಬ್ಯಾಂಕ್.

ಪೆಟ್ಟಿಗೆಯ ಮೇಲಿನ 10,000 ಅನ್ನುವುದು ಒಳಗಿನ ಸೆಲ್ಲಿನ ಲೆಕ್ಕ. ಸೆಲ್ಲಿನ ವೋಲ್ಟ್ 3.7. ಗುಣಿಸಿದರೆ 37 ವ್ಯಾಟ್ ಅವರ್. ಹೊರಗೆ ಬರುವುದು 5 ವೋಲ್ಟ್ ಆದ ಕಾರಣ 37ನ್ನು 5ರಿಂದ ಭಾಗಿಸಬೇಕು, 7,400 ಎಂಎಎಚ್. ವೋಲ್ಟ್ ಏರಿಸುವಾಗ ನೂರಕ್ಕೆ ಹತ್ತು ಹದಿನೈದು ಬಿಸಿಯಾಗಿ ಹೋಗುತ್ತದೆ. ಉಳಿಯುವುದು 6,300ರಿಂದ 6,600. ಸಣ್ಣ ಅಕ್ಷರದಲ್ಲಿ ರೇಟೆಡ್ ಕೆಪಾಸಿಟಿ ಅಂತ ಇದನ್ನು ಪವರ್ ಬ್ಯಾಂಕಿನ ಮೇಲೆಯೇ ಬರೆದಿರುತ್ತಾರೆ, ಹುಡುಕಿ ನೋಡಿ.

ಮೋಸ ಹಿಡಿಯಲು ಮೀಟರಿಗಿಂತ ಮೊದಲು ತಕ್ಕಡಿ ಬಳಸಿ. ದುಂಡನೆಯ ಒಂದು ಲಿಥಿಯಂ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ, ಅದರಲ್ಲಿ ಸಾಮಾನ್ಯವಾಗಿ ಹಿಡಿಸುವುದು ಹೆಚ್ಚೆಂದರೆ 3,500 ಎಂಎಎಚ್. 20,000 ಬೇಕಾದರೆ ಅಂಥ ಆರು ಸೆಲ್ ಬೇಕು, ಸೆಲ್ಲೇ 270 ಗ್ರಾಂ ದಾಟುತ್ತದೆ. ಸಂತೆಯಲ್ಲಿ 20,000 ಅಂತ ಬರೆದು 150 ಗ್ರಾಂ ತೂಗುವ ಪವರ್ ಬ್ಯಾಂಕ್ ಕಂಡರೆ ಅಲ್ಲೇ ಇಟ್ಟು ಬನ್ನಿ.

ಪರೀಕ್ಷೆ ಮಾಡುವಾಗ ಎಂಎಎಚ್ ಬದಲು ವ್ಯಾಟ್ ಅವರ್ ಓದುವ ಅಭ್ಯಾಸ ಮಾಡಿಕೊಳ್ಳಿ. ಅದು ವೋಲ್ಟ್ ಬದಲಾದರೂ ಸುಳ್ಳು ಹೇಳುವುದಿಲ್ಲ. ವಿಮಾನದವರೂ ಅದೇ ಲೆಕ್ಕದಲ್ಲಿ ನೋಡುತ್ತಾರೆ. 100 ವ್ಯಾಟ್ ಅವರ್ ವರೆಗಿನದ್ದನ್ನು, ಅಂದರೆ ಸುಮಾರು 27,000 ಎಂಎಎಚ್, ಕೈಚೀಲದಲ್ಲಿ ಒಯ್ಯಬಹುದು. ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕಲೇಬಾರದು. ಗಲ್ಫಿಗೆ ಹೊರಟ ಅಣ್ಣತಮ್ಮಂದಿರಿಗೆ ತಿಳಿಸಿ.

ಪ್ರಶ್ನೆ: ನನ್ನ ಫೋನಿನ ಬ್ಯಾಟರಿ 5000 ಎಂಎಎಚ್. ಸೊನ್ನೆಯಿಂದ ನೂರರ ತನಕ ಮೀಟರ್ ಇಟ್ಟರೆ 2,400 ಮಾತ್ರ ಬಂತು. ಬ್ಯಾಟರಿ ಅರ್ಧ ಸತ್ತಿದೆಯಾ?
– ಕಾರ್ಖಾನೆ ಕೆಲಸಗಾರರು, ಹೊಸೂರು

ಉತ್ತರ: ಇಲ್ಲ. ನಿಮ್ಮ ಚಾರ್ಜರ್ 9 ವೋಲ್ಟಿನಲ್ಲಿ ಓಡಿದೆ. 2.4 ಆಂಪಿಯರ್ ಅವರ್ ಅನ್ನು 9ರಿಂದ ಗುಣಿಸಿ, 21.6 ವ್ಯಾಟ್ ಅವರ್ ಬರುತ್ತದೆ. ಬ್ಯಾಟರಿಯದ್ದು 5 ಆಂಪಿಯರ್ ಅವರ್, ಸುಮಾರು 3.85 ವೋಲ್ಟ್, ಗುಣಿಸಿದರೆ 19.25. ನಡುವಿನ ವ್ಯತ್ಯಾಸ ಬಿಸಿಯಾಗಿ ಹೋದದ್ದು. ಬ್ಯಾಟರಿ ಗಟ್ಟಿಮುಟ್ಟಾಗಿದೆ.

ಪ್ರಶ್ನೆ: ಮೀಟರ್ ಇಲ್ಲದಿದ್ದಾಗ ಫೋನಿನಲ್ಲಿ ಫಾಸ್ಟ್ ಚಾರ್ಜಿಂಗ್ ಗುರುತು ಬರುತ್ತದೆ. ಮೀಟರ್ ಇಟ್ಟ ಕೂಡಲೇ ಮಾಯವಾಗಿ ಸಾದಾ ಚಾರ್ಜಿಂಗ್ ಆಗುತ್ತದೆ. ಮೀಟರ್ ಹಾಳಾಗಿದೆಯಾ?
– ಶಿಕ್ಷಕಿ, ತಾಳವಾಡಿ

ಉತ್ತರ: ಮೀಟರ್ ಸರಿಯಾಗಿಯೇ ಇರಬಹುದು, ನಿಮ್ಮ ಫೋನಿಗೆ ಹೊಂದುವುದಿಲ್ಲ ಅಷ್ಟೇ. ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್ ಫೋನುಗಳಲ್ಲಿ ಕಂಪನಿಯದೇ ಆದ ಫಾಸ್ಟ್ ಚಾರ್ಜಿಂಗ್ ಇರುತ್ತದೆ. 2014ರಲ್ಲಿ ಒಪ್ಪೋ ತಂದ ವೂಕ್ ಪದ್ಧತಿಯಲ್ಲಿ ವೋಲ್ಟ್ 5 ಇಟ್ಟುಕೊಂಡೇ ಸುಮಾರು 4 ಆಂಪಿಯರ್ ಕಳಿಸುತ್ತಿದ್ದರು. ಅದಕ್ಕೆ ಅವರದೇ ಚಾರ್ಜರ್ ಬೇಕು, ಅವರದೇ ಕೇಬಲ್ ಬೇಕು. ನಡುವೆ ಮೀಟರ್ ಬಂದರೆ ಆ ಸಂಭಾಷಣೆ ಕಡಿದುಹೋಗುತ್ತದೆ.

ಚಪ್ಪಟೆ ಬಾಯಿಯ ಮೀಟರಿನಲ್ಲಿ ಪಿಡಿ ಕೂಡ ನಡೆಯುವುದಿಲ್ಲ. ಪಿಡಿ ಮಾತಾಡುವುದು ಸಿಸಿ ಅನ್ನುವ ತಂತಿಯಲ್ಲಿ, ಆ ತಂತಿ ಟೈಪ್-ಸಿಯಲ್ಲಿ ಮಾತ್ರ ಇದೆ. ಹಾಗಾಗಿ ಹೊಸದಾಗಿ ಕೊಳ್ಳುವವರು ಟೈಪ್-ಸಿ ಮೀಟರನ್ನೇ ಕೊಳ್ಳಿ ಎನ್ನುತ್ತೇನೆ. ಸ್ವಲ್ಪ ದುಬಾರಿ, ಆದರೆ ಈಗ ಬರುವ ಚಾರ್ಜರುಗಳೆಲ್ಲ ಆ ಕಡೆಗೇ ಹೋಗುತ್ತಿವೆ.

ಪ್ರಶ್ನೆ: ಸಣ್ಣ ಮೊಬೈಲ್ ಅಂಗಡಿ ಇದೆ. ಸಗಟಿನಲ್ಲಿ ತರುವ ಚಾರ್ಜರುಗಳ ಮೇಲೆ 65 ವ್ಯಾಟ್ ಅಂತ ಇರುತ್ತದೆ. ಗಿರಾಕಿಗೆ ಕೊಡುವ ಮೊದಲು ನಿಜವಾ ಅಂತ ಹೇಗೆ ನೋಡುವುದು?
– ಅಂಗಡಿಯವರು, ಅಕ್ಕಲಕೋಟೆ

ಉತ್ತರ: ಕೊಡುವ ಮೊದಲು ನೋಡಬೇಕು ಅಂತ ನಿಮಗೆ ಅನ್ನಿಸಿದ್ದು ನನಗೆ ತುಂಬ ಸಂತೋಷ ತಂದಿತು.

ದೊಡ್ಡ ಅಕ್ಷರದ 65 ಬಿಟ್ಟು ಕೆಳಗಿನ ಔಟ್‌ಪುಟ್ ಸಾಲು ಓದಿ. ನಿಜವಾದ 65 ವ್ಯಾಟಿನದ್ದಾದರೆ 5, 9, 15 ವೋಲ್ಟಿಗೆ 3 ಆಂಪಿಯರ್, 20 ವೋಲ್ಟಿಗೆ 3.25 ಆಂಪಿಯರ್ ಅಂತ ಸಾಮಾನ್ಯವಾಗಿ ಇರುತ್ತದೆ. ಎರಡು ಮೂರು ಬಾಯಿ ಇರುವುದಾದರೆ ಎಲ್ಲ ಸೇರಿ 65, ಒಂದೊಂದಕ್ಕೂ ಅಷ್ಟು ಸಿಗುವುದಿಲ್ಲ. 3 ಆಂಪಿಯರ್ ದಾಟಬೇಕಾದರೆ ಕೇಬಲಿನೊಳಗೂ ಇ-ಮಾರ್ಕರ್ ಅನ್ನುವ ಚಿಪ್ ಇರಬೇಕು. ಅದಿಲ್ಲದ ಕೇಬಲಿನಲ್ಲಿ ಪರೀಕ್ಷೆ ಮಾಡಿದರೆ ಒಳ್ಳೆಯ ಚಾರ್ಜರೂ 60 ವ್ಯಾಟಿಗೆ ನಿಲ್ಲುತ್ತದೆ.

ಫೋನ್ ಹಾಕಿ ನೋಡಿದರೆ ಫೋನಿಗೆ ಬೇಕಾದಷ್ಟೇ ಕಾಣುತ್ತದೆ, ಚಾರ್ಜರಿನ ತಾಕತ್ತು ಕಾಣುವುದಿಲ್ಲ. ಅಂಗಡಿಗೆ ಒಂದು ಯುಎಸ್‌ಬಿ ಲೋಡ್ ಬೇಕು, ಮೀಟರಿನ ಹಿಂದೆ ಸಿಕ್ಕಿಸಿ ಎಷ್ಟು ಆಂಪಿಯರ್ ಬೇಕೋ ಅಷ್ಟು ಎಳೆಯುವ ಸಾಮಾನು. ಸಾದಾ ರೆಸಿಸ್ಟರಿನ ಲೋಡೂ ಸಿಗುತ್ತದೆ. 5 ವೋಲ್ಟಿಗೆ 5 ಓಮ್ ಹಾಕಿದರೆ 1 ಆಂಪಿಯರ್, 2.5 ಓಮ್ ಹಾಕಿದರೆ 2 ಆಂಪಿಯರ್. ಆದರೆ ಇಂಥ ಸಾದಾ ಲೋಡನ್ನು 5 ವೋಲ್ಟಿಗೆ ಮಾತ್ರ ಬಳಸಿ. ಅದೇ 5 ಓಮ್‌ಗೆ ತಪ್ಪಿ 20 ವೋಲ್ಟ್ ಬಂದರೆ 4 ಆಂಪಿಯರ್, 80 ವ್ಯಾಟ್, ಕೈ ಸುಡುತ್ತದೆ, ಮೇಜೂ ಸುಡುತ್ತದೆ. 5 ವೋಲ್ಟಿನಲ್ಲಿ 2 ಆಂಪಿಯರ್ ಹರಿದರೂ 10 ವ್ಯಾಟ್ ಬಿಸಿ, ಪ್ಲಾಸ್ಟಿಕ್ ಮೇಲೆ ಇಡಬೇಡಿ.

ಪೂರ್ತಿ ಲೋಡಿನಲ್ಲಿ ಅರ್ಧ ಗಂಟೆ ಓಡಿಸಿ. ಶುರುವಿನ ವೋಲ್ಟ್ ಕೊನೆಯವರೆಗೂ ನಿಂತರೆ, ಕೈಯಲ್ಲಿ ಹಿಡಿಯುವಷ್ಟು ಬಿಸಿ ಮಾತ್ರ ಇದ್ದರೆ ಸರಿ. ಐದು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕುಸಿಯುವ ಚಾರ್ಜರುಗಳೇ ಜಾಸ್ತಿ, ಅದಕ್ಕೇ ಅರ್ಧ ಗಂಟೆ ಹೇಳಿದ್ದು. ಮೀಟರಿಗೆ ಕಾಣದ ಒಂದು ದೋಷವೂ ಇದೆ. ಚಾರ್ಜಿಗೆ ಇಟ್ಟಾಗ ಫೋನಿನ ಪರದೆ ತಾನಾಗಿ ಒತ್ತಿಕೊಂಡಂತೆ ಆಡಿದರೆ ಚಾರ್ಜರಿನಿಂದ ಬರುವ ಕರೆಂಟ್ ಶುದ್ಧವಿಲ್ಲ ಅಂತ ಅರ್ಥ. ಮೀಟರ್ ಸರಾಸರಿ ಮಾತ್ರ ತೋರಿಸುವುದರಿಂದ ಅದರಲ್ಲಿ 5.0 ಅಂತ ನೆಟ್ಟಗೆ ಕಾಣುತ್ತಿರುತ್ತದೆ. ಅಂಥದ್ದನ್ನು ವಾಪಸು ಕಳಿಸಿ.

ಪ್ರಶ್ನೆ: ಚಾರ್ಜಿಗೆ ಇಟ್ಟ ಫೋನ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಮೊಮ್ಮಗ ಮೀಟರ್ ಇಟ್ಟು ನೋಡಿ ಎಲ್ಲ ಸರಿ ಇದೆ ಅಜ್ಜಾ ಎನ್ನುತ್ತಾನೆ. ನನಗೆ ಸಮಾಧಾನವಿಲ್ಲ.
– ಹಿರಿಯ ಓದುಗರು, ಮಂಜೇಶ್ವರ

ಉತ್ತರ: ನಿಮಗೆ ಸಮಾಧಾನವಿಲ್ಲದ್ದೇ ಸರಿ. ಈ ವಿಷಯದಲ್ಲಿ ಆ ಮೀಟರಿನ ಮಾತು ನಡೆಯುವುದಿಲ್ಲ. ಅದು ನೋಡುವುದು 5 ವೋಲ್ಟಿನ ಕಡೆಯನ್ನು ಮಾತ್ರ. ಗೋಡೆಯ 230 ವೋಲ್ಟ್ ಈಚೆಗೆ ದಾಟಿ ಬರುತ್ತಿದೆಯಾ ಅಂತ ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಮೀಟರಿನಲ್ಲಿ ಪಾಸಾದ ಚಾರ್ಜರ್ ಅಪಾಯದ್ದಾಗಿರಬಹುದು. ಈ ಪತ್ರಗಳಲ್ಲೆಲ್ಲ ನಾನು ಒತ್ತಿ ಹೇಳಬೇಕಾದದ್ದು ಇದನ್ನೇ.

ಎರಡು ಪಿನ್ನಿನ ಒಳ್ಳೆಯ ಚಾರ್ಜರಿನಲ್ಲೂ ಬಹಳ ಸಣ್ಣ ಸೋರಿಕೆ ಇರುತ್ತದೆ. 230 ವೋಲ್ಟಿನ ಕಡೆ, 5 ವೋಲ್ಟಿನ ಕಡೆ, ಈ ಎರಡರ ನಡುವೆ ಕೆಪಾಸಿಟರ್ ಅನ್ನುವ ಒಂದು ವಿಶೇಷ ಭಾಗ ಇಟ್ಟಿರುತ್ತಾರೆ, ಅದರ ಮೂಲಕ ಬರುವುದು. ಅದು ಕಾಲು ಮಿಲಿ ಆಂಪಿಯರ್ ದಾಟಬಾರದು ಅಂತ ನಿಯಮ ಇದೆ. ಲೋಹದ ಮೈಯ ಫೋನನ್ನು ಬೆರಳ ಬೆನ್ನಿನಿಂದ ಸವರಿದಾಗ ಸಣ್ಣಗೆ ಜುಮ್ಮೆನ್ನುವುದು ಇದೇ. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತರೆ ಜಾಸ್ತಿ ಗೊತ್ತಾಗುತ್ತದೆ. ಆದರೆ ನಕಲಿ ಚಾರ್ಜರುಗಳಲ್ಲಿ ಆ ಜಾಗಕ್ಕೆ ಸಾದಾ ಕೆಪಾಸಿಟರ್ ಹಾಕಿರುತ್ತಾರೆ, ಎರಡು ಕಡೆಗಳ ನಡುವೆ ಬಿಡಬೇಕಾದ ಅಂತರವನ್ನೂ ಬಿಟ್ಟಿರುವುದಿಲ್ಲ. ಅದು ಒಡೆದರೆ ನೇರ 230 ವೋಲ್ಟ್ ಫೋನಿಗೆ ಬರುತ್ತದೆ. ನಿಮಗೆ ಆಗುತ್ತಿರುವುದು ಇವೆರಡರಲ್ಲಿ ಯಾವುದು ಅಂತ ಮುಟ್ಟಿ ತೀರ್ಮಾನಿಸುವುದು ಬೇಡ. ಆ ಚಾರ್ಜರ್ ಇವತ್ತೇ ನಿಲ್ಲಿಸಿ.

ಹೊಸದು ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಅದರ ಜೊತೆ ಐಎಸ್ ಅಂತ ಶುರುವಾಗುವ ಸಂಖ್ಯೆ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ಕಂಪನಿಯದು ಅಂತ ತೋರಿಸುತ್ತದೆ. ಈ ಕೆಲಸಕ್ಕೆ ಮೊಮ್ಮಗನನ್ನೇ ಹಚ್ಚಿ, ಹುಷಾರಿನ ಹುಡುಗ ಅಂತ ಕಾಣುತ್ತದೆ. ಚಾರ್ಜರ್ ಬಿಚ್ಚಿ ಒಳಗೆ ನೋಡಲು ಮಾತ್ರ ಬಿಡಬೇಡಿ, ಸಾಕೆಟಿನಿಂದ ತೆಗೆದ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ.

ಏಪ್ರಿಲ್, ಮೇ ತಿಂಗಳ ಸಂಜೆ ಮತ್ತು ತುಲಾ ತಿಂಗಳ (ಅಕ್ಟೋಬರ್, ನವೆಂಬರ್) ಮಳೆಯಲ್ಲಿ ನಮ್ಮ ಕಡೆ ಗುಡುಗು ಸಿಡಿಲು ಜೋರು. ಆಗ ಸ್ವಿಚ್ ಆರಿಸಿದರೆ ಸಾಲದು, ಚಾರ್ಜರನ್ನೇ ಕಿತ್ತಿಡಬೇಕು.

ಪ್ರಶ್ನೆ: ಯುಎಸ್‌ಬಿ ಕಂಡುಹಿಡಿದದ್ದು ಭಾರತೀಯರು ಅಂತ ಕೇಳಿದ್ದೇನೆ. ಹೌದಾ?
– ಹೈಸ್ಕೂಲ್ ವಿದ್ಯಾರ್ಥಿನಿ, ನೀರ್ಚಾಲು

ಉತ್ತರ: ಇಂಟೆಲ್ ಕಂಪನಿಯಲ್ಲಿದ್ದ ಅಜಯ್ ಭಟ್ ಅವರ ಹೆಸರು ಮೊದಲು ಬರುತ್ತದೆ, ಅವರು ಗುಜರಾತಿನವರು, ಬರೋಡದಲ್ಲಿ ಓದಿದವರು. ಒಬ್ಬರೇ ಮಾಡಿದ್ದಲ್ಲ, ಏಳು ಕಂಪನಿಗಳ ಎಂಜಿನಿಯರುಗಳು ಸೇರಿದ್ದರು. ಮೊದಲ ಆವೃತ್ತಿ ಬಂದದ್ದು 1996ರಲ್ಲಿ. ಟೈಪ್-ಸಿ 2014ರಲ್ಲಿ. ಮೊದಲು ಅದು ಕೀಬೋರ್ಡ್, ಮೌಸ್, ಪ್ರಿಂಟರ್ ಜೋಡಿಸಲು ಇದ್ದದ್ದು, 5 ವೋಲ್ಟ್, ಅರ್ಧ ಆಂಪಿಯರ್ ಅಷ್ಟೇ. ಟಿವಿಯ ಹಿಂದಿನ ಯುಎಸ್‌ಬಿಗೆ ಫೋನ್ ಹಾಕಿದರೆ ಇವತ್ತಿಗೂ ನಿಧಾನ ಆಗುವುದು ಅದಕ್ಕೇ. ಈಗಿನ ಪಿಡಿ 48 ವೋಲ್ಟ್, 240 ವ್ಯಾಟ್ ತನಕ ಹೋಗಿದೆ.

ಪ್ರಶ್ನೆ: ಮೀಟರನ್ನು ಚಾರ್ಜರಿನಲ್ಲೇ ಯಾವಾಗಲೂ ಬಿಡಬಹುದಾ?
– ಓದುಗರು, ಬದಿಯಡ್ಕ

ಉತ್ತರ: ಬೇಡ. ಅದು ತಿನ್ನುವ ಕರೆಂಟ್ ಲೆಕ್ಕಕ್ಕಿಲ್ಲ, ಆದರೆ ನಡುವೆ ಇನ್ನೊಂದು ಜೋಡಣೆ ಸೇರಿದರೆ ಅಷ್ಟು ವೋಲ್ಟ್ ಅಲ್ಲೂ ಹೋಗುತ್ತದೆ. ನೋಡಿ ಆದ ಮೇಲೆ ತೆಗೆದಿಡಿ.

ಪ್ರಶ್ನೆ: ಆಂಪಿಯರ್ ಒಮ್ಮೆ 1.5, ಒಮ್ಮೆ 0.2, ಒಮ್ಮೆ ಸೊನ್ನೆ. ಕೇಬಲ್ ಹೊಸದು, ಚಾರ್ಜರೂ ಹೊಸದು. ಸಮುದ್ರದ ಹತ್ತಿರ ಮನೆ.
– ಮೀನುಗಾರಿಕೆಯವರು, ಕಾಸರಗೋಡು ಕಸಬ

ಉತ್ತರ: ಕೇಬಲನ್ನು ಫೋನಿನ ಬಾಯಲ್ಲಿ ಮೆಲ್ಲಗೆ ಅಲುಗಾಡಿಸಿ ಮೀಟರ್ ನೋಡಿ. ಅಲುಗಿದಾಗೆಲ್ಲ ಅಂಕಿ ಕುಣಿದರೆ ಫೋನಿನ ಪಿನ್ನಿನಲ್ಲಿ ಕಸ ಕೂತಿದೆ, ಇಲ್ಲವೇ ಉಪ್ಪುಗಾಳಿಗೆ ಪಚ್ಚೆ ಹಿಡಿದಿದೆ. ಜೇಬಿನ ನೂಲು ಒಳಗೆ ಸೇರಿ ಗಟ್ಟಿಯಾಗಿದ್ದರೆ ಕೇಬಲ್ ಪೂರ್ತಿ ಒಳಗೆ ಹೋಗುವುದೇ ಇಲ್ಲ. ಫೋನ್ ಆರಿಸಿ, ಮರದ ಹಲ್ಲುಕಡ್ಡಿಯಿಂದ ತಳದ ಕಸವನ್ನು ಮೆಲ್ಲಗೆ ಕೆದಕಿ ತೆಗೆಯಿರಿ. ಗುಂಡುಸೂಜಿ, ಸೇಫ್ಟಿ ಪಿನ್ ಹಾಕಬೇಡಿ, ಟೈಪ್-ಸಿಯ ನಡುವಿನ ನಾಲಿಗೆ ತುಂಬ ತೆಳ್ಳಗೆ, ಬಾಗಿದರೆ ಮುಗಿಯಿತು. ಪಚ್ಚೆ ಹಿಡಿದಿದ್ದರೆ ಅಂಗಡಿಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಅನ್ನುವ ದ್ರವ ಹಾಕಿ ಬ್ರಷ್ಷಿನಲ್ಲಿ ತೊಳೆದು ಕೊಡುತ್ತಾರೆ. ಆಮೇಲೂ ಅಂಕಿ ನಿಲ್ಲದಿದ್ದರೆ ಚಾರ್ಜಿಂಗ್ ಪಿನ್ ಬದಲಿಸಿ ಎನ್ನಿ, ಬ್ಯಾಟರಿ ಬದಲಿಸಲು ಒಪ್ಪಬೇಡಿ. ಬೋಟಿನಲ್ಲಿ ಫೋನ್ ಒದ್ದೆಯಾದ ದಿನ ಚಾರ್ಜಿಗೆ ಇಡಲೇಬೇಡಿ. ನೀರಿರುವಾಗ ಕರೆಂಟ್ ಹರಿದರೆ ಪಿನ್ ಬೇಗ ತಿಂದುಹೋಗುತ್ತದೆ, ಪೂರ್ತಿ ಒಣಗಿದ ಮೇಲೆಯೇ ಕೇಬಲ್ ಹಾಕಿ.